ಕೈ ತಾಗದ ಬೆಳ್ಳಿ

ಬಾಗಲಗುಂಟೆಯ ರೇಷನ್ ಅಂಗಡಿಯ ಯಂತ್ರಕ್ಕೆ ದ್ಯಾಮಣ್ಣ ಎಂಬ ಮನುಷ್ಯ ಭೂಮಿಯ ಮೇಲಿದ್ದಾನೆ ಎಂದು ನಂಬಿಸುವುದು ಪ್ರತಿ ತಿಂಗಳೂ ಒಂದು ದೊಡ್ಡ ಪಂಚಾಯಿತಿ. ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ, ತೋರುಬೆರಳು ಇಟ್ಟರೂ ಕೆಂಪು ದೀಪ. ಹತ್ತೂ ಬೆರಳಿನ ಸರದಿ ಮುಗಿದ ಮೇಲೆ ಅಂಗಡಿಯ ಯಮುನಾ ತಲೆ ಎತ್ತಿ, “ಮಿಷನ್ ಪ್ರಕಾರ ನೀವು ಇಲ್ವೇ ಇಲ್ಲ ಕಣಣ್ಣ, ಹೋಗಿ ಅಕ್ಕನ್ನ ಕಳ್ಸಿ” ಎನ್ನುತ್ತಾಳೆ. ಸಾಲಿನಲ್ಲಿ ನಿಂತವರು ನಗುತ್ತಾರೆ. ದ್ಯಾಮಣ್ಣನೂ ನಗುತ್ತಾನೆ. ನಕ್ಕು, ಖಾಲಿ ಚೀಲ ಮಡಚಿಕೊಂಡು ಮನೆಗೆ ಬಂದು ಹೆಂಡತಿ ಮಾಲಾಳನ್ನು ಕಳಿಸುತ್ತಾನೆ. ಆದರೆ ಬರುವ ದಾರಿಯುದ್ದಕ್ಕೂ ಆ ಮಾತು ಅವನ ಜೊತೆಗೇ ನಡೆದು ಬರುತ್ತದೆ. ಇಲ್ಲವೇ ಇಲ್ಲ.

ಯಂತ್ರದ ತಪ್ಪೇನೂ ಇಲ್ಲ ಬಿಡಿ. ಮೂವತ್ನಾಲ್ಕು ವರ್ಷ ಪೀಣ್ಯದ ಒಂದು ಶೆಡ್ಡಿನಲ್ಲಿ ಬಫಿಂಗ್ ಚಕ್ರದ ಮುಂದೆ ನಿಂತವನ ಬೆರಳಿನಲ್ಲಿ ಗೆರೆ ಉಳಿಯುವುದಾದರೂ ಹೇಗೆ? ಹಿತ್ತಾಳೆಯ ನಲ್ಲಿ, ಬಾಗಿಲಿನ ಹಿಡಿ, ಮೆಟ್ಟಿಲ ಕಂಬಿಯ ಗುಬುಟು, ಏನೇ ಬರಲಿ, ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದು ಮುಖ ಕಾಣುವಂತೆ ಮಾಡುವುದು ಅವನ ಕೆಲಸ. ಕೈಗವಸು ಹಾಕುವ ಹಾಗಿಲ್ಲ. ಚಕ್ರ ಕೈಗವಸನ್ನು ಕಚ್ಚಿ ಎಳೆದರೆ ಜೊತೆಗೆ ಬೆರಳೂ ಹೋಗುತ್ತದೆ. ಹಾಗಾಗಿ ಬರಿಗೈ. ಹಿತ್ತಾಳೆ ಸವೆದಷ್ಟೇ ಬೆರಳೂ ಸವೆಯಿತು. ಈಗ ಅವನ ಬೆರಳ ತುದಿಗಳು ಹೊಳೆಯಲ್ಲಿ ಉರುಳಿದ ಕಲ್ಲಿನಷ್ಟು ನುಣುಪು. ಮುಟ್ಟಿದ್ದರ ಮೇಲೆ ಅವು ಏನನ್ನೂ ಬಿಟ್ಟು ಹೋಗುವುದಿಲ್ಲ.

ಒಮ್ಮೆ ಹೂಡಿಯ ಕಡೆ ಮಾಲು ತಲುಪಿಸಲು ಟೆಂಪೋದಲ್ಲಿ ಹೋಗಿದ್ದ. ಆಗಿನ್ನೂ ಜನ ಬಂದಿರದ ಅಪಾರ್ಟ್‌ಮೆಂಟು. ಹದಿನಾಲ್ಕನೇ ಮಹಡಿಯಲ್ಲಿ, ಖಾಲಿ ಮನೆಯೊಂದರ ಬಚ್ಚಲಿನಲ್ಲಿ, ತಾನೇ ಹೊಳಪು ಕೊಟ್ಟ ನಲ್ಲಿ ಕೂತಿತ್ತು. ಅದರಲ್ಲಿ ಅವನ ಮುಖ ಉದ್ದಕ್ಕೆ, ಸೊಟ್ಟಗೆ ಕಂಡಿತು. ಈ ಊರಿನ ಎಷ್ಟು ಜನ ಬೆಳಿಗ್ಗೆ ಎದ್ದು ಮೊದಲು ಮುಟ್ಟುವುದು ನನ್ನ ಕೆಲಸವನ್ನೇ ಎಂದು ಅವನಿಗೆ ಅಲ್ಲಿ ಹೊಳೆಯಿತು. ಅವರು ಮುಟ್ಟುತ್ತಾರೆ, ಅವರ ಗುರುತು ಬೀಳುತ್ತದೆ, ಕೆಲಸದವಳು ಒರೆಸುತ್ತಾಳೆ. ನನ್ನದು ಮಾತ್ರ ಎಲ್ಲೂ ಇಲ್ಲ. ಹೀಗೆ ಯೋಚಿಸುತ್ತ ನಿಂತವನನ್ನು ಟೆಂಪೋ ಡ್ರೈವರ್ ಮೂರು ಸಲ ಹಾರ್ನ್ ಹೊಡೆದು ಕೆಳಗಿಳಿಸಬೇಕಾಯಿತು. ದ್ಯಾಮಣ್ಣ ಹಾಗೆಯೇ, ನಿಂತಲ್ಲೇ ತೇಲಿಹೋಗುವ ಜಾತಿ.

ಬೆಳ್ಳಿ ನಾಣ್ಯಗಳ ಹುಚ್ಚು ಅವನಿಗೆ ಹತ್ತಿದ್ದು ಒಂದು ಕೊಲೆಯಿಂದ. ಗಾಬರಿಯಾಗಬೇಡಿ, ಸತ್ತದ್ದು ನಾಣ್ಯಗಳು. ಇಪ್ಪತ್ತೈದು ವರ್ಷದ ಹಿಂದೆ ಒಬ್ಬ ಗಿರಾಕಿ ತಾತನ ಕಾಲದ ಬೆಳ್ಳಿ ರೂಪಾಯಿಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಶೆಡ್ಡಿಗೆ ಬಂದು, “ಪಳಪಳ ಅನ್ನೋ ಹಂಗೆ ಮಾಡ್ಕೊಡಿ” ಎಂದ. ದ್ಯಾಮಣ್ಣ ಮಾಡಿಕೊಟ್ಟ. ಪಳಪಳ ಎಂದವು. ನಾಣ್ಯದ ಮೇಲಿನ ರಾಜನ ಮೀಸೆ ಮಾತ್ರ ಅರ್ಧ ಮಾಯವಾಗಿತ್ತು. ವಾರದೊಳಗೆ ವಸಂತ್ ಎಂಬ ಹೈಸ್ಕೂಲು ಮೇಷ್ಟ್ರು ಈ ಘನಕಾರ್ಯ ಮಾಡಿದವನನ್ನು ಹುಡುಕಿಕೊಂಡು ಬಂದರು. ಆ ನಾಣ್ಯಗಳನ್ನು ಕೊಳ್ಳಬೇಕೆಂದು ವರ್ಷದಿಂದ ಆಸೆಪಟ್ಟಿದ್ದವರು ಅವರು.

“ನೂರು ವರ್ಷ ಕೂತು ಬಂದ ಬಣ್ಣ ಅದು. ಎರಡು ನಿಮಿಷದಲ್ಲಿ ಕೊಂದ್ಬಿಟ್ರಲ್ಲಪ್ಪ” ಎಂದರು. ಬೈದಿದ್ದರೆ ದ್ಯಾಮಣ್ಣ ತಡೆದುಕೊಳ್ಳುತ್ತಿದ್ದ. ಅವರ ಕಣ್ಣಲ್ಲಿ ನೀರಿತ್ತು.

ಆಮೇಲೆ ಮೇಷ್ಟ್ರು ಜೋಳಿಗೆಯಿಂದ ದುಂಡನೆಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ತೋರಿಸಿದರು. ಒಳಗೆ ಸರ್ಕಾರದ ಟಂಕಸಾಲೆ ಯಾವುದೋ ನೆನಪಿಗೆಂದು ಹೊರಡಿಸಿದ ನೂರು ರೂಪಾಯಿಯ ಬೆಳ್ಳಿ ನಾಣ್ಯ. ಅದರ ಚಿತ್ರ ಹಿಮದ ಹಾಗೆ ಮಬ್ಬು ಬಿಳುಪು, ಸುತ್ತಲಿನ ಬಯಲು ಕಪ್ಪೆನಿಸುವಷ್ಟು ಆಳವಾದ ಕನ್ನಡಿ. ಹೊಳಪು ಅಂದರೆ ತನ್ನ ಮನೆಯ ವಿಷಯ ಎಂದುಕೊಂಡಿದ್ದ ದ್ಯಾಮಣ್ಣ ಬಾಯಿಬಿಟ್ಟುಕೊಂಡು ನಿಂತ.

“ಇದಕ್ಕೆ ಪಾಲಿಶ್ ಹಿಡಿದೋರು ಯಾರು ಸಾರ್?”

“ಯಾರೂ ಹಿಡಿದಿಲ್ಲ. ಅಚ್ಚನ್ನೇ ಕನ್ನಡಿ ಮಾಡಿ ಒತ್ತಿರೋದು. ಹುಟ್ತಾನೇ ಹಿಂಗೆ. ಆಮೇಲೆ ಯಾರ ಕೈಯೂ ತಾಗಿಲ್ಲ.”

ಕೈ ತಾಗದ್ದು. ಅಂದು ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಆ ಮಾತು ಅವನ ಬಾಯಲ್ಲಿ ಕಲ್ಲುಸಕ್ಕರೆಯಂತೆ ಕರಗುತ್ತಿತ್ತು. ಹಗಲೆಲ್ಲ ತಿಕ್ಕಿ ತಿಕ್ಕಿ ಹೊಳಪು ತರಿಸುವವನಿಗೆ, ತಿಕ್ಕದೆಯೇ ಹೊಳೆಯುವ ವಸ್ತುವೊಂದು ಲೋಕದಲ್ಲಿದೆ ಎಂಬುದೇ ಕನಸಿನ ಸಂಗತಿ.

ಅಂದಿನಿಂದ ಶುರು. ಟಂಕಸಾಲೆಗೆ ಅರ್ಜಿ ಬರೆಯುವುದು, ಡಿಡಿ ಕಳಿಸುವುದು, ಮರೆತೇಹೋಗುವಷ್ಟು ಕಾಲ ಕಾಯುವುದು. ಕಾಯುವುದೇ ಅವನಿಗೆ ಅರ್ಧ ಸುಖ. ಚಕ್ರದ ಮುಂದೆ ನಿಂತು ಕಪ್ಪು ಧೂಳು ಕುಡಿಯುತ್ತಿರುವಾಗಲೂ ಅವನ ಮನಸ್ಸು ದೂರದ ಯಾವುದೋ ತಣ್ಣನೆಯ ಕೋಣೆಯಲ್ಲಿರುತ್ತಿತ್ತು. ಅಲ್ಲಿ ಬಿಳಿ ಕೋಟಿನವರು ಮಾತಿಲ್ಲದೆ ಓಡಾಡುತ್ತಾರೆ, ಅಚ್ಚಿನಿಂದ ನಾಣ್ಯವೊಂದು ಬೀಳುತ್ತದೆ, ಅದರ ಮೇಲೆ ಇನ್ನೂ ಯಾರ ನೆರಳೂ ಬಿದ್ದಿಲ್ಲ. ಟಂಕಸಾಲೆಯನ್ನು ಅವನು ಕಂಡವನೇ ಅಲ್ಲ. ಅಲ್ಲೂ ಗದ್ದಲ, ಎಣ್ಣೆ ವಾಸನೆ ಇದ್ದೀತು ಎಂದು ಯಾರಾದರೂ ಹೇಳಿದರೆ ಅವನು ಕೇಳಿಸಿಕೊಳ್ಳುತ್ತಲೂ ಇರಲಿಲ್ಲ.

ಹೀಗೆ ಮೂವತ್ತೊಂಬತ್ತು ಸೆಟ್ಟುಗಳು ಕೂಡಿದವು. ಮಖಮಲ್ಲಿನ ಗೂಡಿನಲ್ಲಿ ಕೂತ ಬೆಳ್ಳಿಯ ದೊಡ್ಡಣ್ಣ, ಪಕ್ಕದಲ್ಲಿ ಐದು ರೂಪಾಯಿಯ ತಮ್ಮ. ಭಾನುವಾರ ಸ್ನಾನ ಮುಗಿಸಿ, ಬೀರು ತೆಗೆದು, ಯಾವುದಾದರೂ ಒಂದೇ ಸೆಟ್ಟನ್ನು ಕಿಟಕಿಯ ಬಳಿ ತಂದು ನೋಡುವುದು ಅವನ ಪೂಜೆ. ಕನ್ನಡಿಯಂಥ ಬೆಳ್ಳಿಯ ಬಯಲಿನಲ್ಲಿ ಮೊದಲು ಕಿಟಕಿ ಕಾಣುತ್ತದೆ, ಆಮೇಲೆ ಆಕಾಶ, ಆಮೇಲೆ ತನ್ನ ಮುಖ. ಶೆಡ್ಡಿನ ನಲ್ಲಿಗಳಲ್ಲಿ ಕಾಣುವ ಸೊಟ್ಟ ಮುಖವಲ್ಲ, ಸರಿಯಾದ ಮುಖ. ಆ ಮುಖ ಎಲ್ಲೋ ನೀರಿನ ತಳದಿಂದ ತನ್ನನ್ನು ನೋಡುತ್ತಿದೆ ಎನ್ನಿಸಿ ಅವನು ಅಲ್ಲೇ ಕರಗಿ ಕೂರುತ್ತಿದ್ದ. ಒಲೆಯ ಮೇಲೆ ಹಾಲು ಉಕ್ಕಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಮಾಲಾ ಇದಕ್ಕೆ ‘ಬೆಳ್ಳಿ ನಿದ್ದೆ’ ಎಂದು ಹೆಸರಿಟ್ಟಿದ್ದಳು.

ನಾಣ್ಯದ ಸಂಘಕ್ಕೂ ಸೇರಿದ. ಅಲ್ಲಿ ಎಲ್ಲರೂ ಬಿಳಿ ಕೈಗವಸು ತೊಟ್ಟು ನಾಣ್ಯ ಹಿಡಿಯುವವರು, ಏಕೆಂದರೆ ಇಂಥ ಕನ್ನಡಿ ಬೆಳ್ಳಿಯ ಮೇಲೆ ಒಂದು ಬೆರಳಚ್ಚು ಬಿದ್ದರೆ ಮುಗಿಯಿತು. ಅಂದು ಬರಿಗಣ್ಣಿಗೆ ಕಾಣುವುದಿಲ್ಲ. ವರ್ಷ ಕಳೆದಂತೆ ಬೆವರಿನ ಉಪ್ಪು ಬೆಳ್ಳಿಯನ್ನು ತಿಂದು, ಬೆರಳಿನ ಗೆರೆಗಳೆಲ್ಲ ಕಂದಾಗಿ ಮೇಲೆದ್ದು ಬರುತ್ತವೆ. ಒರೆಸಿದರೆ ಹೋಗುವುದಿಲ್ಲ, ತಿಕ್ಕಿದರೆ ಕನ್ನಡಿಯೇ ಹೋಗುತ್ತದೆ. ಅಂಥ ಸಭೆಯಲ್ಲಿ ದ್ಯಾಮಣ್ಣ ಬರಿಗೈಯಲ್ಲಿ ನಾಣ್ಯ ಎತ್ತಿಕೊಂಡಾಗ ಇಡೀ ಕೋಣೆ ಉಸಿರು ಹಿಡಿಯಿತು. ವಸಂತ್ ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿದರು. ಏನೂ ಇಲ್ಲ. ಅಂದಿನಿಂದ ಅವನಿಗೆ ‘ಗ್ಲೌಸ್ ದ್ಯಾಮಣ್ಣ’ ಎಂದೇ ಹೆಸರಾಯಿತು. ಡಬ್ಬಿ ಬದಲಿಸಬೇಕಾದ ನಾಣ್ಯಗಳನ್ನು ಜನ ಅವನ ಕೈಗೇ ಕೊಡತೊಡಗಿದರು. ರೇಷನ್ ಅಂಗಡಿಯಲ್ಲಿ ‘ಇಲ್ಲ’ ಎನ್ನಿಸಿಕೊಂಡ ಬೆರಳುಗಳಿಗೆ ಇಲ್ಲಿ ಮರ್ಯಾದೆ ಸಿಕ್ಕಿತು.

ಅವನ ಸೆಟ್ಟುಗಳಲ್ಲಿ ಎಲ್ಲಕ್ಕಿಂತ ಮೇಲಿನದು ತಂಜಾವೂರಿನ ದೊಡ್ಡ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ ನೆನಪಿನದು. ಸಾವಿರ ರೂಪಾಯಿಯ ಬೆಳ್ಳಿ ನಾಣ್ಯ, ಅದರ ಮೇಲೆ ಶಿವನ ಗುಡಿ. ಅದು ಬಂದ ದಿನ ದ್ಯಾಮಣ್ಣನ ತಾಯಿ ರುದ್ರಮ್ಮ ಪಕ್ಕದಲ್ಲೇ ಇದ್ದಳು. ರಾಣೆಬೆನ್ನೂರಿನ ಕಡೆಯ ಈ ಮುದುಕಿ ಮಗನ ಜೊತೆ ಬಾಗಲಗುಂಟೆಗೆ ಬಂದು ಹತ್ತು ವರ್ಷವಾಗಿದ್ದರೂ ಮಾತು ಮಾತ್ರ ಊರಿನದೇ ಉಳಿಸಿಕೊಂಡಿದ್ದಳು. ಓದು ಬರಹ ಬಾರದು, ಪಿಂಚಣಿಗೆ ಹೆಬ್ಬೆಟ್ಟು ಒತ್ತುವವಳು. ಗುಡಿ ಕಂಡದ್ದೇ ಎರಡೂ ಕೈ ಚಾಚಿದಳು.

“ತಾರೋ ದ್ಯಾಮಾ, ಕಣ್ಣಿಗೆ ಒತ್ತಿಕೊಂಡು ಕೊಡ್ತೀನಿ.”

“ಮುಟ್ಟಬ್ಯಾಡಬೇ” ಎಂದು ದ್ಯಾಮಣ್ಣ ಡಬ್ಬಿಯನ್ನು ಎದೆಗೆ ಒತ್ತಿಕೊಂಡ. ಸಂಘದಲ್ಲಿ ಎಲ್ಲರೂ ಮೆಚ್ಚುವಂಥ ಒಂದು ತಮಾಷೆ ಅವನಿಗೆ ಅದೇ ಹೊತ್ತಿಗೆ ಹೊಳೆಯಬೇಕೆ? “ಹೆಬ್ಬೆಟ್ಟು ಒತ್ತಾಕ ಇದೇನು ಪಿಂಚಣಿ ಕಾಗದ ಅಲ್ಲ.”

ರುದ್ರಮ್ಮ ಚಾಚಿದ ಕೈಗಳನ್ನು ಹಾಗೆಯೇ ಮುಗಿದು, ಡಬ್ಬಿಗೆ ದೂರದಿಂದಲೇ ನಮಸ್ಕಾರ ಮಾಡಿದಳು. “ಹೌದು ಬಿಡಪಾ, ನಾವು ಹೆಬ್ಬೆಟ್ಟಿನ ಮಂದಿ” ಎಂದು ನಕ್ಕಳು. ದ್ಯಾಮಣ್ಣನೂ ನಕ್ಕ. ಅಷ್ಟೇ ಆದದ್ದು. ಆರು ವರ್ಷದ ಹಿಂದೆ ಅವಳು ಹೋದ ಮೇಲೆ, ಯಾಕೋ ಅವನು ಆ ಒಂದು ಸೆಟ್ಟನ್ನು ಬೀರುವಿನ ತಳದಿಂದ ಹೊರಗೆ ತೆಗೆಯಲೇ ಇಲ್ಲ. ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳಲೂ ಇಲ್ಲ.

ಈ ವರ್ಷ ಅವನಿಗೆ ಅರವತ್ತು. ಶೆಡ್ಡಿನಿಂದ ಬಿಡುಗಡೆಯಾಗುವ ತಿಂಗಳಲ್ಲೇ ಸಂಘದ ಪ್ರದರ್ಶನವೂ ಬಂತು. ಮಾಕಳಿಯ ವೆಂಕಟೇಶಪ್ಪನ ಕಲ್ಯಾಣಮಂಟಪದಲ್ಲಿ, ಭಾನುವಾರ. ಮೊದಲ ಸಲ ದ್ಯಾಮಣ್ಣನ ಸೆಟ್ಟುಗಳಿಗೂ ಒಂದು ಗಾಜಿನ ಮೇಜು, ಅದರ ಮೇಲೆ ಹೆಸರು ಬರೆದ ಚೀಟಿ. ತೀರ್ಪು ಕೊಡುವವರು ವಸಂತ್ ಮೇಷ್ಟ್ರು. ದ್ಯಾಮಣ್ಣನಿಗೆ ಬಹುಮಾನದ ಕನಸಿತ್ತು, ಸುಳ್ಳೇಕೆ ಹೇಳಬೇಕು. ಆದರೆ ಅದಕ್ಕಿಂತ ದೊಡ್ಡ ಕನಸು ಬೇರೆ. ಮೂವತ್ನಾಲ್ಕು ವರ್ಷ ಈ ಊರಿಗೆ ಹೊಳಪು ತಿಕ್ಕಿದವನ ಹೆಸರಿನಲ್ಲಿ, ಒಂದು ಚುಕ್ಕೆಯೂ ಇಲ್ಲದ, ಯಾರೂ ಮುಟ್ಟದ ಒಂದು ವಸ್ತು ನಾಲ್ಕು ಜನರ ಮುಂದೆ ಇರಬೇಕು. ಇವನು ಇದ್ದ ಎನ್ನುವುದಕ್ಕೆ ಅದೊಂದು ಸಾಕು. ಆ ಜಾಗಕ್ಕೆ ಅವನು ಆರಿಸಿದ್ದು ಶಿವನ ಗುಡಿಯ ಸೆಟ್ಟನ್ನು.

ಗುರುವಾರ ಬೆಳಿಗ್ಗೆ ಕಿಟಕಿಯ ಬಳಿ ಕೂತು ಅದನ್ನು ತೆರೆದ. ಗೋಪುರದ ಎಡಗಡೆ, ಕನ್ನಡಿಯ ನಡುವೆ, ಓರೆಯಾಗಿ, ಒಂದು ಹೆಬ್ಬೆಟ್ಟು.

ಮಸುಕೂ ಅಲ್ಲ, ಅರ್ಧವೂ ಅಲ್ಲ. ಸುತ್ತಿ ಸುತ್ತಿ ಹೋದ ಕಂದು ಗೆರೆಗಳ ಪೂರ್ತಿ ಹೆಬ್ಬೆಟ್ಟು. ತನ್ನದಲ್ಲ, ಅದಂತೂ ಖಂಡಿತ. ಅಡುಗೆಮನೆಗೆ ಹೋಗಿ ಮಾಲಾಳನ್ನು ಕೇಳಿದ. “ನಂಗೇನ್ ಗೊತ್ತು, ನಾನ್ಯಾಕೆ ಮುಟ್ಲಿ?” ಎಂದು ಅವಳು ಒಲೆಯ ಕಡೆ ತಿರುಗಿಕೊಂಡಳು. ಆ ತಿರುಗುವಿಕೆಯಲ್ಲಿ ಏನೋ ಇತ್ತು. ಆದರೆ ಸಿಟ್ಟು ಬಂದವನಿಗೆ ಅದೆಲ್ಲ ಎಲ್ಲಿ ಕಾಣಬೇಕು.

ಅವನ ಅನುಮಾನ ನೆಟ್ಟಗೆ ವೆಂಕಟೇಶಪ್ಪನ ಮೇಲೆ ಹೋಯಿತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಶೆಡ್ಡುಗಳನ್ನು ಬೆಳೆಸಿರುವ ಈ ಮನುಷ್ಯ ದ್ಯಾಮಣ್ಣನಿಗೆ ಇಪ್ಪತ್ತು ವರ್ಷದ ಗೆಳೆಯ, ಸಂಘದಲ್ಲಿ ಅವನ ಪಕ್ಕದ ಕುರ್ಚಿ. ಅವನಲ್ಲೂ ನೂರೆಂಟು ನಾಣ್ಯಗಳಿದ್ದವು, ಗುಡಿಯ ಸೆಟ್ಟೊಂದು ಇರಲಿಲ್ಲ. ರುದ್ರಮ್ಮ ತೀರಿಕೊಂಡಾಗಿನ ಶಿವಗಣಾರಾಧನೆಯ ದಿನ ಮನೆ ತುಂಬ ಜನ. ಆಗ ವೆಂಕಟೇಶಪ್ಪ ಕೂತಿದ್ದದ್ದು ಒಳಕೋಣೆಯಲ್ಲಿ, ಬೀರುವಿನ ಪಕ್ಕದಲ್ಲಿ. ಇಷ್ಟು ಸಾಕಾಯಿತು. ದ್ಯಾಮಣ್ಣ ಅಂದೇ ಮಾಕಳಿಗೆ ಹೋಗಿ, ಕಾಫಿ ಬರುವ ಮೊದಲೇ ಕೇಳಿಬಿಟ್ಟ.

ವೆಂಕಟೇಶಪ್ಪ ಎದ್ದು ಒಳಗೆ ಹೋಗಿ, ಜಮೀನಿನ ಪತ್ರಗಳಿಗೆಂದು ಇಟ್ಟಿದ್ದ ಶಾಯಿಯ ಡಬ್ಬಿ ತಂದ. ಎಡ ಹೆಬ್ಬೆಟ್ಟು, ಬಲ ಹೆಬ್ಬೆಟ್ಟು, ಎರಡನ್ನೂ ಹಳೆಯ ಲಗ್ನಪತ್ರಿಕೆಯೊಂದರ ಹಿಂದೆ ಒತ್ತಿದ.

“ತಗೋ. ಮನೇಗೋಗಿ ಓಲ್ಸಿ ನೋಡು. ನಂದಾದ್ರೆ ನನ್ ಸೆಟ್ಟೆಲ್ಲಾ ನಿಂದು. ನಂದಲ್ದಿದ್ರೆ ಭಾನ್ವಾರ ಬಾ, ಮೇಜು ಅಂಗೇ ಇರ್ತದೆ. ಆದ್ರೆ ಇಂಗೆ ಕೇಳ್ಬಾರ್ದಾಗಿತ್ತು ಕಣೋ ದ್ಯಾಮಣ್ಣ.”

ಬಂದ ಕಾಫಿಯನ್ನು ಇಬ್ಬರೂ ಕುಡಿಯಲಿಲ್ಲ. ಮನೆಗೆ ಬಂದು ಹೋಲಿಸಿದರೆ ವೆಂಕಟೇಶಪ್ಪನ ಹೆಬ್ಬೆಟ್ಟು ತಾಂಬೂಲದ ಎಲೆಯಷ್ಟು ಅಗಲ. ನಾಣ್ಯದ ಮೇಲಿನದು ಸಣ್ಣದು, ಉದ್ದನೆಯದು. ದ್ಯಾಮಣ್ಣನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇಪ್ಪತ್ತು ವರ್ಷದ ಗೆಳೆತನಕ್ಕೆ ತನ್ನ ಕೈಯಾರೆ ಕಲೆ ಹಚ್ಚಿದ್ದ. ಯಾರದಾದರೂ ಆಗಲಿ, ಇದನ್ನು ಅಳಿಸಿಬಿಡುತ್ತೇನೆ ಎಂದುಕೊಂಡ. ಬೆಳ್ಳಿಯನ್ನು ಒಮ್ಮೆ ತಿಕ್ಕಿದರೆ ಹುಟ್ಟಿನ ಕನ್ನಡಿ ಸಾಯುತ್ತದೆ, ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ದ್ಯಾಮಣ್ಣನ ಕೈಯ ಕನ್ನಡಿಯನ್ನು ಹುಟ್ಟಿನ ಕನ್ನಡಿಯಿಂದ ಬೇರೆಯೆಂದು ಗುರುತಿಸಬಲ್ಲವರು ಈ ಊರಿನಲ್ಲಿ ಒಬ್ಬರೇ, ವಸಂತ್ ಮೇಷ್ಟ್ರು. ಅವರಿಗೂ ಈಗ ಕಣ್ಣಿನ ಪೊರೆ.

ಶುಕ್ರವಾರ ಊಟದ ಹೊತ್ತಿನಲ್ಲಿ ಶೆಡ್ಡು ಖಾಲಿಯಿತ್ತು. ಎಲ್ಲ ಚಕ್ರಗಳೂ ನಿಂತಿದ್ದವು. ತಗಡಿನ ಸಂದಿನಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಬಟ್ಟೆಯ ಎಳೆಗಳು ಏಳುತ್ತ ಇಳಿಯುತ್ತ ತೇಲುತ್ತಿದ್ದವು, ಎಲ್ಲಿಗೂ ಹೋಗುವ ಅವಸರ ಅವಕ್ಕಿರಲಿಲ್ಲ. ದ್ಯಾಮಣ್ಣ ಎಲ್ಲಕ್ಕಿಂತ ಮೆತ್ತನೆಯ ಉಣ್ಣೆಯ ಚಕ್ರವನ್ನು ಹಾಕಿ, ಹೊಳಪು ಕೊಡುವ ಕೆಂಪು ಸೋಪು ಸವರಿ, ಗುಂಡಿ ಒತ್ತಿದ. ಚಕ್ರ ಗುಂಯ್ ಎಂದು ಹಾಡಲು ಶುರುಮಾಡಿತು. ಆ ಒಂದೇ ಸದ್ದಿನಲ್ಲಿ ಅವನ ಅರ್ಧ ಆಯುಷ್ಯ ಕಳೆದಿತ್ತು.

ಈ ಕೆಲಸದವರಿಗೆ ಒಂದು ಅಭ್ಯಾಸ. ಯಾವುದನ್ನೇ ಆಗಲಿ ಚಕ್ರಕ್ಕೆ ಕೊಡುವ ಮೊದಲು ಬೆಳಕಿಗೆ ಹಿಡಿದು, ಗೀರು ಯಾವ ಕಡೆ ಓಡುತ್ತದೆ ಎಂದು ನೋಡಬೇಕು. ಗೀರಿಗೆ ಅಡ್ಡಲಾಗಿ ಹಿಡಿದರೆ ಮಾತ್ರ ಅದು ಅಳಿಯುತ್ತದೆ. ಮೂವತ್ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪದ ಅಭ್ಯಾಸ, ಅಂದೂ ತಪ್ಪಲಿಲ್ಲ. ನಾಣ್ಯವನ್ನು ಬಿಸಿಲಿನ ಕೋಲಿಗೆ ಹಿಡಿದು ಓರೆ ಮಾಡಿದ. ಹೆಬ್ಬೆಟ್ಟಿನ ಗೆರೆಗಳ ನಡುವೆ, ಈ ತುದಿಯಿಂದ ಆ ತುದಿಗೆ, ಒಂದು ಬಿಳಿ ಪಟ್ಟಿ ಓಡಿತ್ತು. ಅಲ್ಲಿ ಗೆರೆಯೇ ಇಲ್ಲ. ಮೊದಲು ಗೀರು ಎಂದುಕೊಂಡ. ಗೀರು ಬೆಳ್ಳಿಯಲ್ಲಿಲ್ಲ. ಗೀರು ಇದ್ದದ್ದು ಆ ಬೆರಳಿನಲ್ಲಿ.

ಆ ಗೀರು ಅವನಿಗೆ ಗೊತ್ತಿತ್ತು. ಅವನು ಹುಟ್ಟುವ ಮೊದಲೇ ಜೋಳ ಕೊಯ್ಯುವಾಗ ಕುಡುಗೋಲು ಬಿದ್ದು ಆದ ಗಾಯ, ಅವ್ವನ ಎಡಗೈ ಹೆಬ್ಬೆಟ್ಟಿನಲ್ಲಿ. ಚಿಕ್ಕಂದಿನಲ್ಲಿ ದಿನಾ ಬೆಳಿಗ್ಗೆ ಅವ್ವ ಎಡಗೈಯಲ್ಲಿ ಅವನ ಗಲ್ಲ ಹಿಡಿದು, ಮುಖ ಅಲುಗದಂತೆ ಮಾಡಿ, ಬಲಗೈಯಿಂದ ಹಣೆಗೆ ವಿಭೂತಿ ಎಳೆಯುತ್ತಿದ್ದಳು. ಆಗ ಆ ಒರಟು ಗೀರು ಅವನ ಎಡಗೆನ್ನೆಯನ್ನು ಚುಚ್ಚುತ್ತಿತ್ತು. ಅವನು ಕೊಸರಾಡುತ್ತಿದ್ದ, ಅವಳು ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಐವತ್ತೈದು ವರ್ಷದ ಹಿಂದಿನ ಆ ಚುಚ್ಚು ಈಗ, ಈ ಶೆಡ್ಡಿನಲ್ಲಿ, ಕೆನ್ನೆಯ ಮೇಲೆ ಎದ್ದು ಬಂತು.

ಚಕ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ನಾಣ್ಯ ಮತ್ತು ಉಣ್ಣೆಯ ನಡುವೆ ಒಂದು ಗೇಣು ಅಂತರ. ದ್ಯಾಮಣ್ಣ ಗುಂಡಿ ಆರಿಸಿದ. ಚಕ್ರ ಪೂರ್ತಿ ನಿಲ್ಲುವವರೆಗೂ ನಾಣ್ಯವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ.

ಮನೆಗೆ ಬಂದವನ ಮುಖ ನೋಡಿಯೇ ಮಾಲಾಳಿಗೆ ತಿಳಿಯಿತು. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಅವನ ಎದುರು ನೆಲದ ಮೇಲೆ ಕೂತಳು.

“ಹೇಳ್ಬೇಡ ಅಂತ ಅತ್ತೆ ಆಣೆ ಹಾಕ್ಸಿದ್ರು. ಅವರು ಹೋಗೋ ವರ್ಷದ ಶಿವರಾತ್ರಿ. ನೀವು ಡ್ಯೂಟಿಗೆ ಹೋಗಿದ್ರಿ. ಗುಡಿಯ ದುಡ್ಡು ತೆಗೆದುಕೊಡು ಅಂತ ಬೆಳಿಗ್ಗೆಯಿಂದ ಒಂದೇ ಸಮ. ಡಬ್ಬಿ ಸಮೇತ ಕೊಟ್ಟೆ, ಹಂಗೇ ಕೈ ಮುಗೀಲಿ ಅಂತ. ಅವರು ಡಬ್ಬಿ ಬಿಚ್ಚೇಬಿಟ್ರು.”

“ಏನಂದ್ಲು?”

“‘ದೇವರನ್ನ ಡಬ್ಬ್ಯಾಗ ಹಾಕಿ ಮುಚ್ಚಿದ್ರ ಅಂವಗ ಗಾಳಿ ಹೆಂಗವಾ’ ಅಂದ್ರು.” ಮಾಲಾ ಅತ್ತೆಯ ಮಾತನ್ನು ಅತ್ತೆಯ ಧಾಟಿಯಲ್ಲೇ ಹೇಳಿದಳು. “ಎಡಗೈಲಿ ಹಿಂಗೆ ಹಿಡ್ಕೊಂಡು, ಬಲಗೈಲಿ ಗುಡಿಗೆ ವಿಭೂತಿ ಹಚ್ಚಿ, ಕಣ್ಣಿಗೆ ಒತ್ಕೊಂಡ್ರು. ಆಮೇಲೆ ಅದ್ರೊಳಗೆ ಮುಖ ನೋಡ್ಕೊಂಡು ನಕ್ರು. ‘ಹೆಬ್ಬೆಟ್ಟು ಬಿತ್ತೇನು ನೋಡವಾ, ನನ್ನ ಮಗ ಬೈತಾನ’ ಅಂದ್ರು. ನಾನು ನೋಡ್ದೆ. ಏನೂ ಕಾಣ್ಲಿಲ್ಲ. ಬಿದ್ದಿಲ್ಲ ಅತ್ತೆ ಅಂದೆ.”

ದ್ಯಾಮಣ್ಣ ಅತ್ತ. ಅರವತ್ತು ವರ್ಷದ ಗಂಡಸು, ಊಟದ ತಟ್ಟೆಯ ಮುಂದೆ, ಸದ್ದು ಮಾಡಿ ಅತ್ತ. ಪಿಂಚಣಿ ಕಾಗದ ಅಲ್ಲ ಎಂದದ್ದು ತಾನು. ಅವಳು ನಕ್ಕು ಮರೆತಳು ಎಂದುಕೊಂಡವನೂ ತಾನೇ. ಅವಳು ಮರೆತಿರಲಿಲ್ಲ. ಸಾಯುವ ವರ್ಷದಲ್ಲೂ, ದೇವರನ್ನು ಮುಟ್ಟಿದ ಮೇಲೆ, ತನ್ನ ಹೆಬ್ಬೆಟ್ಟಿಗೆ ಅಂಜಿದ್ದಳು.

ಭಾನುವಾರ ಮಾಕಳಿಗೆ ಹೋಗಿ ಅವನು ಮೊದಲು ಮಾಡಿದ ಕೆಲಸ ವೆಂಕಟೇಶಪ್ಪನ ಎರಡೂ ಕೈ ಹಿಡಿದುಕೊಂಡದ್ದು. “ಅವ್ವಂದು ಕಣೋ” ಎಂದ. ಇನ್ನೂ ಏನೇನೋ ಹೇಳಬೇಕೆಂದಿದ್ದ, ಬರಲಿಲ್ಲ. ವೆಂಕಟೇಶಪ್ಪ, “ಆಯ್ತು ಬಿಡು, ಟೇಬಲ್ ಒರಸ್ಕೋ” ಎಂದ.

ವಸಂತ್ ಮೇಷ್ಟ್ರು ಮಧ್ಯಾಹ್ನ ಭೂತಗನ್ನಡಿ ಹಿಡಿದು ಬಂದರು. ಶಿವನ ಗುಡಿಯ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ಪೊರೆ ಬಂದ ಕಣ್ಣಿಗೂ ಅದು ಕಾಣದಿರುವಂತಿರಲಿಲ್ಲ. ನಾಣ್ಯದ ಪಕ್ಕದಲ್ಲಿ ದ್ಯಾಮಣ್ಣ ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದಿಟ್ಟಿದ್ದ: ‘ಎಡಗೈ ಹೆಬ್ಬೆಟ್ಟಿನ ಗುರುತು, ರುದ್ರಮ್ಮ, ಸಂಗ್ರಾಹಕನ ತಾಯಿ.’ ಮೇಷ್ಟ್ರು ಅದನ್ನು ಎರಡು ಸಲ ಓದಿದರು.

“ಇದನ್ನಿಟ್ರೆ ಅಂಕ ಕೊಡೋಕಾಗಲ್ಲ ದ್ಯಾಮಣ್ಣ. ತೆಗೆದಿಟ್ರೆ ಉಳಿದ ಸೆಟ್ಟಿಗೇ ಬಹುಮಾನ ಬರ್ತಿತ್ತು.”

“ಇರ್ಲಿ ಸಾರ್, ಬಹುಮಾನ ಬ್ಯಾಡ.”

ಬಹುಮಾನ ದಾಬಸ್‌ಪೇಟೆಯ ಯಾರದೋ ಪಾಲಾಯಿತು. ಆದರೆ ಸಂಜೆಯವರೆಗೂ ಜನ ನಿಂತದ್ದು ದ್ಯಾಮಣ್ಣನ ಮೇಜಿನ ಮುಂದೆಯೇ. ವೆಂಕಟೇಶಪ್ಪ ತನ್ನ ಮೇಜನ್ನು ಬಿಟ್ಟು ಇಲ್ಲೇ ಬಂದು ನಿಂತು, ಆ ಕುಡುಗೋಲು, ಆ ಶಿವರಾತ್ರಿ, ಆ ಮುದುಕಿ ಎಲ್ಲವನ್ನೂ ತಾನೇ ಕಂಡವನಂತೆ ಬಂದವರಿಗೆಲ್ಲ ಹೇಳುತ್ತಿದ್ದ. ತನ್ನ ಶಾಯಿ ಡಬ್ಬಿಯ ಕತೆಯನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

ಸಂಜೆ ಮನೆಗೆ ಬಂದು ದ್ಯಾಮಣ್ಣ ಕೈಕಾಲು ತೊಳೆದು ಕಿಟಕಿಯ ಬಳಿ ಕೂತ. ಪಶ್ಚಿಮದ ಬೆಳಕು ಎದುರು ಮನೆಗಳ ನೀರಿನ ಟ್ಯಾಂಕುಗಳ ಮೇಲೆ ಇನ್ನೂ ಉಳಿದಿತ್ತು. ಡಬ್ಬಿ ಬಿಚ್ಚಿ, ಇಪ್ಪತ್ತೈದು ವರ್ಷದಲ್ಲಿ ಎಂದೂ ಮಾಡದ್ದನ್ನು ಮಾಡಿದ. ನಾಣ್ಯದ ಅಂಚನ್ನಲ್ಲ, ಮುಖವನ್ನೇ ಹಿಡಿದ. ಅವ್ವ ಹಿಡಿದಂತೆ ಎಡಗೈಯಲ್ಲಿ ಹಿಡಿದು, ತನ್ನ ಹೆಬ್ಬೆಟ್ಟನ್ನು ಅವಳ ಹೆಬ್ಬೆಟ್ಟಿನ ಮೇಲೆ ಸರಿಯಾಗಿ ಇಟ್ಟು, ಗಟ್ಟಿಯಾಗಿ ಒತ್ತಿದ. ಬೆಳ್ಳಿ ಮೊದಲು ತಣ್ಣಗಿತ್ತು, ಆಮೇಲೆ ಕೈಯಷ್ಟೇ ಬೆಚ್ಚಗಾಯಿತು. ಗೋಪುರಕ್ಕೆ ವಿಭೂತಿ ಮುಟ್ಟಿಸಿ ಎರಡೂ ಕಣ್ಣಿಗೆ ಒತ್ತಿಕೊಂಡ.

ಬೆರಳು ತೆಗೆದಾಗ ಅವನದು ಏನೂ ಮೂಡಿರಲಿಲ್ಲ. ಅವಳದು ಹಾಗೆಯೇ ಇತ್ತು. ನಾಣ್ಯವನ್ನು ಬೆಳಕಿಗೆ ಓರೆ ಮಾಡಿದ. ಮೊದಲು ಕಿಟಕಿ ಕಂಡಿತು, ಆಮೇಲೆ ಆಕಾಶ, ಆಮೇಲೆ ಅವನ ಮುಖ, ಮುಖದ ಎಡಗೆನ್ನೆಯ ಮೇಲೆ ಅವ್ವನ ಹೆಬ್ಬೆಟ್ಟು. ಅವನು ಅಲುಗಾಡದೆ ಕೂತಿದ್ದ.